ತೋಟವೆಂಬ ವಿಳಾಸ

ನಿಘಂಟಿನ ನೆರವು ಬೇಕೆಂದು ಯಾರಿಗೂ ತೋರದಷ್ಟು ಬಳಕೆಯಲ್ಲಿರುವ ಕನ್ನಡ ಪದಗಳಲ್ಲಿ ತೋಟವೂ ಒಂದು. ಆದರೆ ಶಿರಸಿಯ ರೈತ, ಸಕಲೇಶಪುರದ ರೈತ, ತಿಪಟೂರಿನ ರೈತ ಮತ್ತು ಅಥಣಿಯ ರೈತ ಈ ನಾಲ್ವರೂ ‘ತೋಟಕ್ಕೆ ಹೋಗುತ್ತೇನೆ’ ಎಂದು ಹೇಳಿ ಹೊರಟರೆ, ಮೊದಲನೆಯವನು ಅಡಿಕೆ ಮರಗಳ ನೆರಳಿಗೂ ಎರಡನೆಯವನು ಕಾಫಿ ಗಿಡಗಳ ನಡುವಿಗೂ ಮೂರನೆಯವನು ತೆಂಗಿನ ಸಾಲಿಗೂ ಸೇರುತ್ತಾರೆ, ನಾಲ್ಕನೆಯವನು ತನ್ನ ಮನೆಗೆ ಸೇರುತ್ತಾನೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ತೋಟವೆಂದರೆ ಬಾವಿಯ, ಕಾಲುವೆಯ ಅಥವಾ ಹೊಳೆಯ ನೀರು ಉಣ್ಣುವ ಜಮೀನು, ಆ ಜಮೀನಿನಲ್ಲಿ ಕಟ್ಟಿಕೊಂಡ ಮನೆ, ಆ ಮನೆಯ ಸುತ್ತ ಅಣ್ಣತಮ್ಮಂದಿರು ಬೇರೆಯಾಗಿ ಕಟ್ಟಿಕೊಂಡ ಇನ್ನೂ ನಾಲ್ಕಾರು ಮನೆಗಳು, ಒಟ್ಟಿನಲ್ಲಿ ಒಂದು ಕುಟುಂಬದ ವಿಳಾಸ. ಅಲ್ಲಿ ಹೂವಿನ ಗಿಡವಿರಬೇಕೆಂದಿಲ್ಲ, ಹಣ್ಣಿನ ಮರವೂ ಇರಬೇಕೆಂದಿಲ್ಲ. ಕಣ್ಣು ಹಾಯುವಷ್ಟು ದೂರ ಬರಿಯ ಕಬ್ಬೇ ಇದ್ದರೂ ಅದು ತೋಟವೇ.

ಈ ಭಾಗದ ಬಾಯಲ್ಲಿ ಪದದ ರೂಪವೂ ಬೇರೆಯಾಗಿದೆ. ಮುಂದಿನ ಅಕ್ಷರದಲ್ಲಿ ಅಕಾರವಿದ್ದಾಗ ಹಿಂದಿನ ಓಕಾರವು ವಾಕಾರದತ್ತ ಸರಿಯುವುದು ಉತ್ತರ ಕರ್ನಾಟಕದ ಆಡುಮಾತಿನ ಒಂದು ಲಕ್ಷಣವಾದ್ದರಿಂದ ಕೋಣ ಕ್ವಾಣವಾಗುತ್ತದೆ, ತೋಳ ತ್ವಾಳವಾಗುತ್ತದೆ, ತೋಟ ತ್ವಾಟವಾಗುತ್ತದೆ. ಕೋಳಿ ಮಾತ್ರ ಕೋಳಿಯಾಗಿಯೇ ಉಳಿಯುತ್ತದೆ, ಏಕೆಂದರೆ ಅದರ ಮುಂದೆ ಇರುವುದು ಇಕಾರ. ಹೊಸಬರ ಪರಿಚಯವಾದಾಗ ಊರಿನ ಹೆಸರು ಕೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಊರಾಗ ಇರ್ತೀರೋ, ತ್ವಾಟದಾಗೋ?’ ಊರು ಮತ್ತು ತೋಟ ಇಲ್ಲಿ ಎದುರುಬದುರು ನಿಲ್ಲುವ ಎರಡು ಪದಗಳು. ಇಂಥ ಎದುರುಜೋಡಿ ಕನ್ನಡದ ಬೇರೆ ಸೀಮೆಗಳಲ್ಲಿ ಇಷ್ಟು ಖಚಿತವಾಗಿ ಕಾಣುವುದಿಲ್ಲ. ಮೈಸೂರು ಸೀಮೆಯಲ್ಲಿ ತೋಟಕ್ಕೆ ಎದುರಾಗಿ ನಿಲ್ಲುವುದು ಹೊಲ ಅಥವಾ ಗದ್ದೆ, ಮಲೆನಾಡಿನಲ್ಲಿ ಗದ್ದೆ ಅಥವಾ ಬೆಟ್ಟ.

ಪದದ ಹಳೆಯ ರೂಪ ತೋಂಟ. ಹಳಗನ್ನಡ, ನಡುಗನ್ನಡ ಶಾಸನಗಳಲ್ಲಿ ದೇವಾಲಯಕ್ಕೋ ಬಸದಿಗೋ ಬಿಟ್ಟ ದತ್ತಿಯನ್ನು ವಿವರಿಸುವಾಗ ಹೂದೋಂಟ, ಎಲೆದೋಂಟ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಪೂಜೆಯ ಹೂವಿಗಾಗಿ, ಎರಡನೆಯದು ವೀಳ್ಯದೆಲೆಗಾಗಿ. ಉಳುವ ನೆಲವನ್ನು ಮತ್ತರು ಎಂಬ ದೊಡ್ಡ ಅಳತೆಯಲ್ಲಿ ಹೇಳುವ ಶಾಸನಕಾರರು ಇಂಥ ತೋಂಟಗಳನ್ನು ಹಲವೆಡೆ ಕಮ್ಮ ಎಂಬ ಕಿರಿಯ ಅಳತೆಯಲ್ಲಿ ಲೆಕ್ಕ ಹಾಕಿದ್ದಾರೆ. ತೋಟವೆಂಬುದು ಚಿಕ್ಕ ನೆಲ, ನೀರು ಬೇಡುವ ನೆಲ, ದಿನವೂ ಕೈ ಬೇಡುವ ನೆಲ ಎಂಬ ತಿಳಿವಳಿಕೆ ಆ ಅಳತೆಯೊಳಗೇ ಇದೆ. ತುಮಕೂರು ಜಿಲ್ಲೆಯ ಎಡೆಯೂರಿನಲ್ಲಿ ಸಮಾಧಿ ಹೊಂದಿದ ಸಿದ್ಧಲಿಂಗ ಯತಿಗಳಿಗೆ ತೋಂಟದ ಎಂಬ ವಿಶೇಷಣ ಅಂಟಿಕೊಂಡಿರುವುದು ಅವರು ತೋಟದಲ್ಲಿ ಶಿವಯೋಗ ನಡೆಸಿದ್ದರಿಂದ ಎಂಬುದು ಸಂಪ್ರದಾಯದ ನಂಬಿಕೆಯಾಗಿದ್ದು, ಗದಗಿನ ತೋಂಟದಾರ್ಯ ಮಠದ ಹೆಸರಿನಲ್ಲಿ ಆ ಅನುಸ್ವಾರ ಇಂದಿಗೂ ಅಳಿಯದೆ ಉಳಿದಿದೆ. ತಮಿಳು ಮತ್ತು ಮಲಯಾಳದ ತೋಟ್ಟಂ, ತೆಲುಗು, ತುಳು ಮತ್ತು ಕೊಡವ ಭಾಷೆಗಳ ತೋಟ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಅಗೆಯುವುದು ಎಂಬರ್ಥದ ತೋಡು ಧಾತುವಿನ ಪಕ್ಕದಲ್ಲಿ ಈ ಪದವನ್ನಿಟ್ಟು ನೋಡಬೇಕೆನಿಸುವುದು ಸಹಜ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ಅಂಚಿನಲ್ಲಿ ಹರಿಯುವ ಹಳ್ಳವನ್ನೇ ತೋಡು ಎಂದು ಕರೆಯುತ್ತಾರೆ.

ತೋಟದ ಮಾತು ಈ ಸೀಮೆಯ ಊರಿನ ಹೆಸರೊಂದರಲ್ಲೂ ಸುಳಿಯುತ್ತದೆ. ರಾಯಬಾಗ ಎಂಬ ಹೆಸರನ್ನು ಕೇಳಿದ ಕೂಡಲೇ ರಾಜನ ಉದ್ಯಾನ ಎಂಬ ಅರ್ಥ ಹೊಳೆಯುತ್ತದೆ, ಏಕೆಂದರೆ ಪಾರಸಿಯಲ್ಲಿ ಬಾಗ್ ಎಂದರೆ ಉದ್ಯಾನ. ಆದರೆ ಸವದತ್ತಿಯ ರಟ್ಟರು ಕೂಂಡಿ-3000 ಎಂಬ ನಾಡನ್ನು ಆಳಿದ ಕಾಲದ ಶಾಸನಗಳಲ್ಲಿ ಈ ಊರು ಹೂವಿನಬಾಗೆ ಎಂದು ಕಾಣಿಸಿಕೊಳ್ಳುತ್ತದೆ. ಆಗಿನ್ನೂ ಪಾರಸಿ ಬಲ್ಲ ಆಡಳಿತ ಈ ಕಡೆಗೆ ಕಾಲಿಟ್ಟಿರಲಿಲ್ಲವಾದ್ದರಿಂದ ಬಾಗೆಯನ್ನು ಪಾರಸಿಯಿಂದ ತರುವುದಕ್ಕೆ ಬರುವುದಿಲ್ಲ. ಮುಂದೆ ವಿಜಾಪುರದ ಆದಿಲಶಾಹಿ ಆಡಳಿತದ ಕಿವಿಗೆ ಬಾಗೆಯು ಬಾಗ್‌ನಂತೆ ಕೇಳಿಸಿ ಹೊಸ ಅರ್ಥಕ್ಕೆ ದಾರಿಯಾಗಿರಬೇಕು. ಹೇಗೇ ಇದ್ದರೂ ತೋಟದ ಚರಿತ್ರೆಯನ್ನು ಹೇಳಲು ಹೊರಟವರಿಗೆ ತನ್ನ ಹಳೆಯ ಹೆಸರಿನಲ್ಲಿ ಹೂವನ್ನೂ ಹೊಸ ಹೆಸರಿನಲ್ಲಿ ಉದ್ಯಾನವನ್ನೂ ಹೊತ್ತ ತಾಲ್ಲೂಕು ಕೇಂದ್ರವೊಂದು ಇಲ್ಲೇ ಸಿಗುವುದು ಒಂದು ಸಂತೋಷ.

ಉಳಿದ ಸೀಮೆಗಳ ಅರ್ಥಗಳನ್ನು ಮೊದಲು ನೋಡಿದರೆ ಇಲ್ಲಿಯ ವಿಶೇಷ ತಿಳಿಯುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲೆ ತೋಟವೆಂದರೆ ಎರಡು ಗುಡ್ಡಗಳ ನಡುವಿನ ತಂಪು ಕಣಿವೆಯ ಅಡಿಕೆ, ಅದರ ಜೊತೆಯಲ್ಲಿ ಮೆಣಸಿನ ಬಳ್ಳಿ, ಯಾಲಕ್ಕಿ, ಬಾಳೆ. ಆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಿಗೆ ಸೊಪ್ಪಿನ ಬೆಟ್ಟವೆಂದು ಹೆಸರು, ಮನೆ ಇರುವುದು ತೋಟದ ಮೇಲ್ಭಾಗದ ದರೆಯ ಅಂಚಿನಲ್ಲಿ. ಕರಾವಳಿಯಲ್ಲಿ, ಕಾಸರಗೋಡಿನ ಕನ್ನಡಿಗರಲ್ಲಿಯೂ, ತೋಟವೆಂದರೆ ಅಡಿಕೆ ಮತ್ತು ತೆಂಗು. ಕಾಸರಗೋಡಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿರುವ ತೋಟದ ಬೆಳೆಗಳು ಈ ಜಾತಿಯವು. ತುಮಕೂರು, ಹಾಸನ ಜಿಲ್ಲೆಗಳ ಬಯಲಿನಲ್ಲಿ ತೆಂಗು, ಕೋಲಾರದ ಕಡೆ ಬಾವಿ ನೀರಿನ ತರಕಾರಿ ಮತ್ತು ಹಿಪ್ಪುನೇರಳೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ತೋಟವೆಂಬುದು ಕಾಫಿಯ ಎಸ್ಟೇಟು. ಅಲ್ಲಿ ಕೆಲಸಗಾರರು ಲೈನ್ ಮನೆಗಳಲ್ಲಿ, ಅಂದರೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ವಸತಿಗಳಲ್ಲಿ, ತೋಟದೊಳಗೇ ಬದುಕುತ್ತಾರೆ. ಶ್ರೀಲಂಕಾದ ಗುಡ್ಡಗಾಡಿನ ಚಹಾ ಎಸ್ಟೇಟುಗಳಿಗೆ ಒಯ್ಯಲ್ಪಟ್ಟ ತಮಿಳರಿಗೂ ತೋಟ್ಟಂ ಎಂಬುದು ದುಡಿಮೆಯ ಜಾಗವೂ ಹೌದು, ತಲೆಮಾರುಗಳ ಕಾಲ ಹುಟ್ಟಿ ಸತ್ತ ಜಾಗವೂ ಹೌದು. ಆದರೆ ಆ ನೆಲ ಅವರದಲ್ಲ. ಅಥಣಿ, ರಾಯಬಾಗಗಳ ತೋಟದಲ್ಲಿ ಸಾಮಾನ್ಯವಾಗಿ ಮನೆಯೂ ನೆಲವೂ ಒಂದೇ ಕುಟುಂಬದ್ದು.

ಈ ಅರ್ಥ ಹೇಗೆ ಬಂತು ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ಐದೂ ತಾಲ್ಲೂಕುಗಳಲ್ಲಿ ಮಳೆ ಒಂದೇ ಸಮವಲ್ಲ. ಪಶ್ಚಿಮದ ನಿಪ್ಪಾಣಿಯ ಮೇಲೆ ಸಹ್ಯಾದ್ರಿಯ ಮುಂಗಾರಿನ ಅಂಚು ಹಾಯುತ್ತದೆ, ಪೂರ್ವಕ್ಕೆ ಹೋದಂತೆ ಅದು ಕ್ಷೀಣಿಸಿ ಅಥಣಿಯ ಪೂರ್ವ ತುದಿಯ ತೆಲಸಂಗ, ಕೊಟ್ಟಲಗಿಗಳ ಹೊತ್ತಿಗೆ ಮಳೆನೆರಳಿನ ನಾಡಾಗುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿದರೂ ಆಳವಾದ ದಡಗಳ ಕೆಳಗೆ ಹರಿಯುವ ಆ ನೀರನ್ನು ಮೇಲಕ್ಕೆತ್ತುವ ಶಕ್ತಿ ಯಂತ್ರಗಳು ಬರುವ ತನಕ ರೈತನಿಗಿರಲಿಲ್ಲ. ಅವನಿಗೆ ಎಟುಕುತ್ತಿದ್ದುದು ಬಾವಿ. 1876-77ರ ಬರಗಾಲ ಬೆಳಗಾವಿ, ವಿಜಾಪುರ ಸೀಮೆಗಳನ್ನು ಹಿಂಡಿಹಾಕಿದಾಗ ಬಾವಿಯಿದ್ದವನ ಮತ್ತು ಇಲ್ಲದವನ ನಡುವಿನ ಅಂತರ ಏನೆಂಬುದು ಎಲ್ಲರಿಗೂ ಕಣ್ಣಾರೆ ಕಂಡಿತು.

ಬಾವಿಯಿಂದ ನೀರೆತ್ತುವ ಸಾಧನಕ್ಕೆ ಕನ್ನಡದಲ್ಲಿ ಕಪಿಲೆಯೆಂದೂ ಮರಾಠಿಯಲ್ಲಿ ಮೋಟವೆಂದೂ ಹೆಸರು. ತೊಗಲಿನ ದೊಡ್ಡ ಚೀಲ, ಅದರ ತಳದಲ್ಲಿ ಸೊಂಡಿಲಿನಂತೆ ಇಳಿಬಿದ್ದ ತೊಗಲಿನ ಕೊಳವೆ, ಚೀಲವನ್ನು ಎಳೆಯಲು ಮೇಲಿನ ಗಾಲಿಯ ಮೇಲೆ ಹಾಯುವ ದಪ್ಪ ಹಗ್ಗ, ಸೊಂಡಿಲಿನ ಬಾಯನ್ನು ಮಡಿಸಿ ಹಿಡಿಯಲು ಕೆಳಗಿನ ಉರುಳೆಯ ಮೇಲೆ ಹಾಯುವ ಸಣ್ಣ ಹಗ್ಗ ಇವಿಷ್ಟು ಅದರ ಅಂಗಗಳು. ಎತ್ತುಗಳು ಬಾವಿಯ ದಡದಿಂದ ಇಳಿಜಾರಿನಲ್ಲಿ ಕೆಳಕ್ಕೆ ನಡೆದಂತೆ ಚೀಲ ಮೇಲೆ ಬರುತ್ತದೆ, ಸೊಂಡಿಲು ತಾನಾಗಿ ನೀಳವಾಗಿ ಕಲ್ಲಿನ ದೋಣಿಗೆ ನೀರನ್ನು ಸುರಿಯುತ್ತದೆ, ಎತ್ತುಗಳು ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಸರಿದು ಮತ್ತೆ ದಡಕ್ಕೆ ಬರುತ್ತವೆ, ಚೀಲ ದೊಪ್ಪೆಂದು ನೀರಿಗೆ ಬೀಳುತ್ತದೆ. ಒಬ್ಬ ಹೊಡೆಯುವವ, ಮಡಿಯಿಂದ ಮಡಿಗೆ ನೀರು ತಿರುವುವ ಇನ್ನೊಬ್ಬ; ಮಡಿಯೆಂದರೆ ನೀರು ನಿಲ್ಲುವಂತೆ ಸಣ್ಣ ಒಡ್ಡು ಕಟ್ಟಿದ ಪಾತಿ. ಬಿಸಿಲೇರುವ ಮುನ್ನ ಎತ್ತುಗಳ ಕೆಲಸ ಮುಗಿಯಬೇಕಾದ್ದರಿಂದ ಕೋಳಿ ಕೂಗುವ ಹೊತ್ತಿಗೆ ಕಪಿಲೆ ಹೂಡಬೇಕು, ಹೂಡಬೇಕೆಂದರೆ ಎತ್ತುಗಳು ರಾತ್ರಿ ಬಾವಿಯ ಬಳಿಯೇ ಇರಬೇಕು, ಎತ್ತುಗಳಿದ್ದಲ್ಲಿ ಅವುಗಳ ಮೇವಿನ ಬಣವಿಯೂ ಗೋದಲಿಯೂ ಇರಬೇಕು, ಅವೆಲ್ಲ ಇದ್ದ ಮೇಲೆ ಕಾಯಲು ಮನುಷ್ಯನಿರಬೇಕು. ತೋಟದ ಮನೆ ಹುಟ್ಟಿದ್ದು ಮೊದಲು ದನದ ಕೊಟ್ಟಿಗೆಯಾಗಿ. ದನ ಕಾಯಲು ಮಲಗಿದವನಿಗೆ ಬುತ್ತಿ ತರುವುದು ದೂರವಾದಾಗ ಅಲ್ಲೇ ಒಲೆ ಹೂಡಲಾಯಿತು, ಒಲೆ ಹೂಡಿದ ಮೇಲೆ ಹೆಂಡತಿ ಮಕ್ಕಳು ಬಂದರು.

ಹೀಗೆ ಬರುವುದಕ್ಕೆ ಹಿಂದಿನ ಕಾಲದಲ್ಲಿ ಧೈರ್ಯ ಬೇಕಿತ್ತು. ಈ ಭಾಗದ ಹಳೆಯ ಊರುಗಳು ಅಗಸಿಯೆಂಬ ದೊಡ್ಡ ಬಾಗಿಲು, ಮಣ್ಣಿನ ಕೋಟೆ, ವಾಡೆ, ಒಂದಕ್ಕೊಂದು ಗೋಡೆ ಹಂಚಿಕೊಂಡ ಮಾಳಿಗೆ ಮನೆಗಳಿಂದ ಒತ್ತಾಗಿ ಕಟ್ಟಿಕೊಂಡವು. ಊರು ಕಟ್ಟಿದ ಆ ನೆಲಕ್ಕೆ ಕಂದಾಯದ ಭಾಷೆಯಲ್ಲಿ ಗಾಂವಠಾಣವೆಂದು ಹೆಸರು. ಪೇಶವೆ ಕಾಲದ ಕೊನೆಯ ದಶಕಗಳಲ್ಲಿ ನಿಪ್ಪಾಣಿಯ ದೇಸಾಯರು, ಕೊಲ್ಹಾಪುರದವರು, ಪಟವರ್ಧನರು ಈ ನೆಲಕ್ಕಾಗಿ ಕಾದಾಡುತ್ತಿದ್ದಾಗ ಗೋಡೆಯಾಚೆ ಒಂಟಿ ಮನೆ ಕಟ್ಟಿ ಮಲಗುವುದು ಯೋಚಿಸುವ ಮಾತಾಗಿರಲಿಲ್ಲ. ಆ ಗಲಭೆಗಳು ನಿಂತ ಮೇಲೆ, ಅಂದರೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ, ಜನ ಮೆಲ್ಲಗೆ ಗೋಡೆಯಿಂದಾಚೆ ಮನೆ ಮಾಡತೊಡಗಿದರು. ಊರಿಗೂ ಅವರಿಗೂ ಸಂಬಂಧ ಕಡಿಯಲಿಲ್ಲ. ದೇವರು, ಜಾತ್ರೆ, ಸಂತೆ, ಊರ ಹಿರಿಯರ ಪಂಚಾಯಿತಿ ಊರಿನಲ್ಲೇ ಉಳಿದವು. ಊರೊಳಗಿನ ಹಿರಿಯ ಮನೆಯನ್ನು ಮುದುಕರು ಕಾದರು ಅಥವಾ ಅದಕ್ಕೆ ಬೀಗ ಬಿತ್ತು, ಹಬ್ಬಕ್ಕೊಮ್ಮೆ ತೆರೆಯಿತು.

ಒಂದೇ ಬಗೆಯ ನೆಲಕ್ಕೆ ಮೂರು ಭಾಷೆಗಳು ಮೂರು ಪದ ಕೊಟ್ಟಿರುವುದು ಈ ಗಡಿನಾಡಿನ ಸಂಪತ್ತು. ಕನ್ನಡಿಗನ ತ್ವಾಟ ಮರಾಠಿಗನಿಗೆ ಮಳಾ. ಮೀರಜ ಕಡೆಯ, ಕಾಗವಾಡಕ್ಕೆ ತಾಗಿಕೊಂಡ ಹಳ್ಳಿಗಳ ವೀಳ್ಯದೆಲೆಯ ತೋಟಕ್ಕೆ ಮರಾಠಿಯಲ್ಲಿ ಪಾನಮಳಾ ಎಂದು ಹೆಸರು, ತೋಟದ ಮನೆಗಳ ಗುಂಪಿಗೆ ವಸ್ತಿ. ಪಾರಸಿಯ ಬಾಗ್ ಕಚೇರಿಯ ಮೂಲಕ ಬಂದು ಬಾಗಾಯತವಾಯಿತು. ನೀರಾವರಿಯ ನೆಲ ಬಾಗಾಯತ, ಮಳೆಯನ್ನೇ ನಂಬಿದ ನೆಲ ಜಿರಾಯತ. ಬಾಗಾಯತದಲ್ಲಿಯೂ ಬಾವಿಯ ಮೋಟದಿಂದ ನೀರುಣ್ಣುವುದು ಮೋಟಸ್ಥಳ, ಹಳ್ಳಕ್ಕೆ ಅಡ್ಡಗಟ್ಟಿ ಕಾಲುವೆಯಲ್ಲಿ ಹರಿಸಿದ ನೀರುಣ್ಣುವುದು ಪಾಟಸ್ಥಳ. ಅದೇ ಬಾಗ್‌ನಿಂದ ಬಾಗವಾನ ಎಂಬ ಹೆಸರು ಹುಟ್ಟಿ, ಪಾರಸಿಯಲ್ಲಿ ತೋಟಗಾರ ಎಂಬರ್ಥದ ಆ ಪದ ಇಲ್ಲಿ ಹಣ್ಣು ತರಕಾರಿ ಮಾರುವ ಮುಸ್ಲಿಂ ಸಮುದಾಯದ ಹೆಸರಾಗಿ ನಿಂತಿತು. ಬೆಳೆಯುವ ಕುಲವೃತ್ತಿಯವರು ಮಾಳಿಗಳು, ಅವರಿಗೆ ಮಾಲಗಾರರೆಂದೂ ಹೆಸರಿದೆ. ಅಥಣಿಯ ಪೂರ್ವದಲ್ಲಿ ದ್ರಾಕ್ಷಿ ಬಂದಾಗ ಅದನ್ನು ತೋಟವೆನ್ನುವ ಬದಲು ಬಾಗ ಎನ್ನುವವರೂ ವಿಜಾಪುರದವರಂತೆ ಪಡ ಎನ್ನುವವರೂ ಕಾಣಿಸಿಕೊಂಡರು, ಏಕೆಂದರೆ ತೋಟ ಎಂಬ ಪದ ಅಷ್ಟರಲ್ಲಿ ಬೆಳೆಯನ್ನು ಬಿಟ್ಟು ಮನೆಯನ್ನು ಸೂಚಿಸುವ ಕೆಲಸಕ್ಕೆ ನಿಂತಾಗಿತ್ತು. ನಿಪ್ಪಾಣಿ, ಚಿಕ್ಕೋಡಿಯ ಒಂದೇ ಸಂತೆಯಲ್ಲಿ ಈ ಎಲ್ಲ ಪದಗಳೂ ಒಂದರ ಪಕ್ಕ ಒಂದು ಕೇಳಿಬರುತ್ತವೆ, ಒಂದನ್ನು ಇನ್ನೊಂದು ಓಡಿಸಿಲ್ಲ.

ಕಚೇರಿಯ ಕಾಗದಕ್ಕೂ ಬಾಯಿಮಾತಿಗೂ ನಡುವೆ ಬಿರುಕು ಬಿದ್ದದ್ದು ಬ್ರಿಟಿಷರ ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯಲ್ಲಿ. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ರೈತ ತನ್ನ ಸ್ವಂತ ಖರ್ಚಿನಿಂದ ಮಾಡಿದ ಸುಧಾರಣೆಯ ಕಾರಣಕ್ಕೆ ಜಮೀನಿನ ಆಕಾರವನ್ನು, ಅಂದರೆ ಕಂದಾಯದ ದರವನ್ನು, ಹೆಚ್ಚಿಸುವಂತಿರಲಿಲ್ಲ. ಬಾವಿ ತೋಡುವವರಿಗೆ 1883ರ ಭೂಸುಧಾರಣಾ ಸಾಲದ ಕಾಯ್ದೆಯಡಿ ತಗಾಯಿ ಎಂಬ ಸರಕಾರಿ ಸಾಲವೂ ಸಿಗುತ್ತಿತ್ತು. ಆಕಾರ ಹೆಚ್ಚಿಸದಿರುವುದು ನ್ಯಾಯವಾದ ನಿಯಮ. ಅದರ ಒಂದು ಪರಿಣಾಮವೆಂದರೆ, ಜಿರಾಯತ ದರದಲ್ಲೇ ಉಳಿದ ಹೊಲವೊಂದು ಬಾವಿ ತೋಡಿದ ದಿನದಿಂದ ಜನರ ಬಾಯಲ್ಲಿ ತೋಟವಾಗಬಹುದಿತ್ತು. ಸರಕಾರದ ಪಟ್ಟಿ ಬದಲಾಗುವ ತನಕ ಜನ ಕಾಯಲಿಲ್ಲ. ಹೊಲವನ್ನು ತೋಟವೆ‌ಂದು ಕರೆಯುವ ಅಧಿಕಾರ ನೀರು ಕಂಡವನ ಕೈಯಲ್ಲಿತ್ತು, ಬಾವಿ ಬತ್ತಿದರೆ ಅದನ್ನು ಮತ್ತೆ ಹೊಲವೆನ್ನುವ ದುಃಖವೂ ಅವನದೇ ಆಗಿತ್ತು.

ಆಮೇಲಿನ ನೂರು ವರ್ಷಗಳಲ್ಲಿ ನೀರು ಹಬ್ಬಿದ ಕಡೆಗೆಲ್ಲ ಪದವೂ ಹಬ್ಬಿತು. ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲಿ ಕಟ್ಟಿದ ಒಡ್ಡು, ಅಲ್ಲಿಂದ ಹೊರಟ ಎಡದಂಡೆ ಕಾಲುವೆ, ಮುಂದೆ 1977ರಲ್ಲಿ ಮುಗಿದ ಹಿಡಕಲ್ ಜಲಾಶಯ ಇವು ರಾಯಬಾಗ ಸೀಮೆಗೆ ಕಾಲುವೆಯ ನೀರನ್ನು ತಂದವು. ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಅದುವರೆಗೆ ಗಾಣಕ್ಕೆ, ಬೆಲ್ಲಕ್ಕೆ ಮೀಸಲಾಗಿದ್ದ ಕಬ್ಬು ಕಾರ್ಖಾನೆಯ ಬೆಳೆಯಾಯಿತು. 1956ರಲ್ಲಿ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ದಶಕಗಳಲ್ಲಿ ವಿದ್ಯುತ್ತು ಬಂತು, ಹೊಳೆಯ ದಡದಲ್ಲಿ ಪಂಪು ಕೂತಿತು, ಮೈಲಿಗಟ್ಟಲೆ ಕೊಳವೆ ಹಾಕಿ ಹತ್ತಾರು ರೈತರು ಕೂಡಿ ನೀರೆತ್ತುವ ಏತ ನೀರಾವರಿ ಬಂತು, ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದವು. ಕಪಿಲೆ ಮೂಲೆಗೆ ಸೇರಿತು, ಆದರೆ ಅದು ಕಟ್ಟಿಸಿದ ಮನೆ ಉಳಿಯಿತು. ಪಾಲಾದ ಪ್ರತಿ ಮಗನೂ ತನ್ನ ಪಾಲಿನ ನೆಲದಲ್ಲಿ ಮನೆ ಕಟ್ಟಿದ್ದರಿಂದ ಮನೆತನದ ಅಡ್ಡಹೆಸರೇ ಜಾಗದ ಹೆಸರಾಗಿ ಪಾಟೀಲ ತೋಟ, ಖೋತ ತೋಟ, ಪೂಜಾರಿ ತೋಟ, ಮಾಳಿ ತೋಟ ಎಂಬ ಸಾವಿರಾರು ಕಿರುನೆಲೆಗಳಾದವು. ಕೆಲವೆಡೆ ಇಂಥ ನೆಲೆಗೆ ಕೋಡಿ ಎಂಬ ಹೆಸರೂ ಇದೆ. ಕೆರೆಯ ಹೆಚ್ಚಿನ ನೀರು ಹೊರಹರಿಯುವ ಜಾಗವೆಂದು ಹಳೆಯ ಮೈಸೂರಿನವರು ಬಲ್ಲ, ಬಳ್ಳಿಗಾವಿಯ ಕೋಡಿಯ ಮಠದ ಹೆಸರಿನಲ್ಲಿರುವ ಆ ಪದ ಚಿಕ್ಕೋಡಿಯ ಮತ್ತು ಅದರ ನೆರೆಯ ಹಿರೇಕೋಡಿಯ ಹೆಸರುಗಳಲ್ಲಿಯೂ ಕೂತಿರುವುದನ್ನು ಗಮನಿಸಬೇಕು, ಅದರ ಕತೆಯೇ ಬೇರೊಂದು ಪ್ರಬಂಧವನ್ನು ಬೇಡುತ್ತದೆ.

ನಿಪ್ಪಾಣಿಯ ತಂಬಾಕನ್ನು ಇಲ್ಲಿ ಮರೆಯಬಾರದು. ಬೀಡಿಗೆ ಹೋಗುವ ಈ ತಂಬಾಕು ಮಳೆಯಾಶ್ರಯದ ಕಪ್ಪು ನೆಲದ ಬೆಳೆ. ಎಷ್ಟೇ ಹಣ ತರಲಿ, ಎಷ್ಟೇ ಆರೈಕೆ ಬೇಡಲಿ, ಅದು ಬೆಳೆದ ನೆಲ ಹೊಲವೇ ಹೊರತು ತೋಟವಲ್ಲ. ಬೆಲೆ ಕಟ್ಟುವ ವ್ಯಾಪಾರಿಗೆ ಎದುರಾಗಿ ಆ ಹೊಲಗಳ ರೈತರು ಹೆದ್ದಾರಿಯಲ್ಲಿ ಕೂತ 1981ರ ಚಳವಳಿಯಲ್ಲಿ, ಏಪ್ರಿಲ್ 6ರ ಗೋಳಿಬಾರಿನಲ್ಲಿ 12 ಜನ ಪ್ರಾಣ ತೆತ್ತರು. ಬೆಳೆಯ ಬೆಲೆಯಾಗಲಿ ಪ್ರತಿಷ್ಠೆಯಾಗಲಿ ನೆಲವನ್ನು ತೋಟ ಮಾಡುವುದಿಲ್ಲ, ನೀರು ಮಾಡುತ್ತದೆ ಎಂಬುದಕ್ಕೆ ತಂಬಾಕಿನ ಹೊಲಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಆವರಣದ ಪದವೊಂದು ವಾಸದ ಪದವಾಗುವುದು ಕನ್ನಡದ ಈ ಮೂಲೆಗೆ ಮಾತ್ರ ಸೀಮಿತವಾದ ಘಟನೆಯಲ್ಲ. ಇಂಗ್ಲಿಷಿನ ಟೌನ್ ಪದದ ಬಳಗವನ್ನು ನೋಡಿದರೆ ಜರ್ಮನ್ ಭಾಷೆಯ ತ್ಸೌನ್ ಇಂದಿಗೂ ಬೇಲಿ ಎಂಬ ಮೂಲಾರ್ಥದಲ್ಲೇ ನಿಂತಿದೆ, ಡಚ್ ಭಾಷೆಯ ಟೌನ್ ಬೇಲಿಯೊಳಗಿನ ಕೈತೋಟವನ್ನು ಹೇಳುತ್ತದೆ, ಇಂಗ್ಲಿಷಿನಲ್ಲಿ ಅದು ಪಟ್ಟಣವಾಗಿ ಬೆಳೆದಿದೆ. ಸ್ಕಾಟ್ಲೆಂಡಿನ ಆಡುನುಡಿಯಾದ ಸ್ಕಾಟ್ಸಿನಲ್ಲಿ ಟೂನ್ ಎಂದರೆ ಪಟ್ಟಣವೂ ಆಗಬಹುದು, ಒಂದು ಬೇಸಾಯದ ಮನೆ, ಅದರ ಕೊಟ್ಟಿಗೆಗಳು, ಅಲ್ಲಿ ದುಡಿಯುವವರ ನಾಲ್ಕಾರು ಗುಡಿಸಲುಗಳ ಗುಂಪೂ ಆಗಬಹುದು. ಗುಂಪು ಹೊಲಮನೆಯ ಸುತ್ತ ಇದ್ದರೆ ಫರ್ಮ್‌ಟೂನ್, ಚರ್ಚಿನ ಸುತ್ತ ಇದ್ದರೆ ಕರ್ಕ್‌ಟೂನ್, ಗಿರಣಿಯ ಸುತ್ತ ಇದ್ದರೆ ಮಿಲ್‌ಟೂನ್. ಲಂಡನ್ನಿನವನ ಟೌನ್ ಮತ್ತು ಅಬರ್ಡೀನ್ ಸೀಮೆಯ ಒಕ್ಕಲಿಗನ ಟೂನ್ ಎಷ್ಟು ಹತ್ತಿರವೋ ಎಷ್ಟು ದೂರವೋ, ಬೆಂಗಳೂರಿನವರ ತೋಟ ಮತ್ತು ಕಾಗವಾಡದವರ ತ್ವಾಟ ಅಷ್ಟೇ ಹತ್ತಿರ, ಅಷ್ಟೇ ದೂರ.

ಈ ದೂರ ಬರಿಯ ಭಾಷೆಯ ಕುತೂಹಲವಾಗಿ ಉಳಿದಿಲ್ಲ, ಅದರಿಂದ ಜನರ ಬದುಕಿಗೆ ತೊಂದರೆಯೂ ಆಗಿದೆ. ರಾಜ್ಯದ ತೋಟಗಾರಿಕೆ ಇಲಾಖೆಯ ಲೆಕ್ಕದಲ್ಲಿ ಹಣ್ಣು, ಹೂ, ತರಕಾರಿ, ಸಾಂಬಾರ, ತೆಂಗು, ಅಡಿಕೆಗಳು ತೋಟದ ಬೆಳೆಗಳು. ಕಬ್ಬು ಕೃಷಿ ಇಲಾಖೆಯದು. ಹೀಗಾಗಿ ರಾಯಬಾಗದ ತೋಟದಲ್ಲಿ ಅರಿಸಿನ ನಾಟಿ ಮಾಡಿದ ವರ್ಷ ಆ ನೆಲ ಇಲಾಖೆಯ ಪಾಲಿಗೆ ತೋಟ, ಕಬ್ಬು ನಾಟಿ ಮಾಡಿದ ವರ್ಷ ಅಲ್ಲ. ಭೂಸುಧಾರಣಾ ಕಾಯ್ದೆ ವಿನಾಯಿತಿ ಕೊಟ್ಟ ತೋಟಗಳು ಕಾಫಿ, ಚಹಾ, ರಬ್ಬರು, ಯಾಲಕ್ಕಿ, ಮೆಣಸಿನವು, ಅಂದರೆ ಮಲೆನಾಡಿನ ಅರ್ಥದವು. ದಾಖಲೆಯಿಲ್ಲದ ಜನವಸತಿಗಳಲ್ಲಿ ಬದುಕುವವರಿಗೆ ಹಕ್ಕು ಕೊಡಲು ಅದೇ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು ಎಂಬ ಹೆಸರುಗಳು ಬರುತ್ತವೆ. ಅದು ಬೇರೆಯವರ ನೆಲದಲ್ಲಿ ಮನೆ ಕಟ್ಟಿಕೊಂಡವರಿಗಾಗಿ ಮಾಡಿದ್ದಾದ್ದರಿಂದ ತೋಟ ಅಲ್ಲಿ ಇಲ್ಲದಿರುವುದು ತಪ್ಪಲ್ಲ, ಆದರೆ ಬೇರೆ ಯಾವ ಪಟ್ಟಿಯಲ್ಲಿಯೂ ವಾಸಸ್ಥಾನವಾಗಿ ಅದು ಸುಲಭಕ್ಕೆ ಸಿಗುವುದಿಲ್ಲ ಎಂಬುದು ನಿಜವಾದ ಕೊರತೆ. ಜನಗಣತಿ ತೋಟದವರನ್ನು ಊರಿನ ಲೆಕ್ಕಕ್ಕೆ ಸೇರಿಸುತ್ತದೆ. ಹಳ್ಳಿಯ ಮನೆಗಳಿಗೂ ಪಂಪುಸೆಟ್ಟುಗಳಿಗೂ ವಿದ್ಯುತ್ ಮಾರ್ಗಗಳನ್ನು ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದಾಗ ಊರೊಳಗಿನ ಮನೆಗಳಿಗೆ ದಿನವಿಡೀ ಬೆಳಕು ಬಂತು, ಪಂಪಿನ ಮಾರ್ಗದಲ್ಲಿದ್ದ ತೋಟದ ಮನೆಗಳು ಪಂಪಿಗೆ ಸಿಕ್ಕ ಪಾಳಿಯ ಗಂಟೆಗಳಿಗೆ ಕಟ್ಟುಬಿದ್ದವು. ತೋಟದ ವಸತಿಗಳಿಗೂ ಸಿಂಗಲ್ ಫೇಸ್ ವಿದ್ಯುತ್ ಕೊಡಿ ಎಂಬ ಬೇಡಿಕೆ ಈ ತಾಲ್ಲೂಕುಗಳ ಸಭೆಗಳಲ್ಲಿ ಎದ್ದದ್ದು ಈ ಕಾರಣಕ್ಕೆ. ತೋಟವೆಂದರೆ ಬೆಳೆಯಿರುವ ಜಾಗವೆಂದು ತಿಳಿದ ಯೋಜನೆಗೆ, ಅಲ್ಲಿ ದೀಪದ ಕೆಳಗೆ ಓದುವ ಮಗುವೊಂದು ಇರಬಹುದೆಂದು ಹೊಳೆದಿರಲಿಲ್ಲ. 2005ರಲ್ಲಿ ಮತ್ತು 2019ರಲ್ಲಿ ಕೃಷ್ಣೆ ಉಕ್ಕಿದಾಗಲೂ ದಡದ ತೋಟದ ವಸತಿಗಳು ಮೊದಲು ನಡುಗಡ್ಡೆಗಳಾದವು.

ಶಿಕ್ಷಣ ಇಲಾಖೆ ಮಾತ್ರ ಜನರ ಅರ್ಥವನ್ನು ಒಪ್ಪಿಕೊಂಡಿತು, ಇದನ್ನು ಮೆಚ್ಚಿ ಹೇಳಬೇಕು. ಮೂರು ನಾಲ್ಕು ಕಿಲೋಮೀಟರು ಒಡ್ಡಿನ ಮೇಲೆ ನಡೆದು ಊರಿನ ಶಾಲೆಗೆ ಬರಲಾಗದ ಚಿಕ್ಕ ಮಕ್ಕಳಿಗಾಗಿ ತೋಟಗಳ ನಡುವೆಯೇ ಕಿರಿಯ ಪ್ರಾಥಮಿಕ ಶಾಲೆಗಳು ತೆರೆದವು. ಜನ ಅವನ್ನು ತೋಟದ ಶಾಲೆಗಳೆನ್ನುತ್ತಾರೆ. ಸರಕಾರಿ ಫಲಕದ ಮೇಲೆ ಮೊದಲ ಸಾಲಿನಲ್ಲಿ ಶಾಲೆಯ ದರ್ಜೆ, ಎರಡನೆಯ ಸಾಲಿನಲ್ಲಿ ಒಂದು ಮನೆತನದ ಹೆಸರು ಮತ್ತು ತೋಟ ಎಂಬ ಪದ, ಮೂರನೆಯ ಸಾಲಿನಲ್ಲಿ ಊರು, ತಾಲ್ಲೂಕು. ಈ ಅರ್ಥದ ತೋಟ ಸರಕಾರದ ಕಾಗದದಲ್ಲಿ ಅಕ್ಷರವಾದದ್ದು ಹೆಚ್ಚಾಗಿ ಈ ಫಲಕಗಳ ಎರಡನೆಯ ಸಾಲಿನಲ್ಲಿ.

ತೋಟದಲ್ಲಿರುವವರೆಲ್ಲ ತೋಟದವರಲ್ಲ ಎಂಬುದನ್ನೂ ಬಿಡಬಾರದು. ಲಾವಣಿ ಹಿಡಿದವರು, ಅಂದರೆ ವರ್ಷಕ್ಕಿಷ್ಟೆಂದು ಮಾತಾಡಿ ಜಮೀನು ಮಾಡುವವರು, ಪಾಲಿಗೆ ದುಡಿಯುವವರು, ವರ್ಷದ ಸಂಬಳಕ್ಕೆ ನಿಂತ ಆಳುಗಳು ಅದೇ ಬಾವಿಯ ನೀರು ಕುಡಿದು ಬದುಕಿದರೂ ಆ ತೋಟದ ಹೆಸರು ಅವರ ಹೆಸರಿಗೆ ಅಂಟುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ದೂರದಿಂದ ಎತ್ತಿನ ಗಾಡಿಗಳೊಂದಿಗೆ ಬರುವ ಗ್ಯಾಂಗಿನವರು ರವದಿಯ, ಅಂದರೆ ಕಬ್ಬಿನ ಒಣಗಿದ ಎಲೆಯ, ಖೋಪಿ ಎಂಬ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಅವರ ಮಕ್ಕಳಿಗೆ ಇದು ಯಾರದೋ ತೋಟ. ಈ ಸೀಮೆಯಲ್ಲಿ ತೋಟವೆಂಬ ಪದದ ಒಳಗೆ ನೀರಿನಷ್ಟೇ ಆಳವಾಗಿ ಒಡೆತನವೂ ಇಳಿದಿದೆ.

ಇಂದು ಅಥಣಿಯಿಂದ ಕಾಗವಾಡದ ಕಡೆಗೋ ರಾಯಬಾಗದಿಂದ ಹಾರೂಗೇರಿಯ ಕಡೆಗೋ ಹೋಗುವ ರಸ್ತೆಯಲ್ಲಿ ಊರು ಮುಗಿದು ಊರು ಶುರುವಾಗುವ ನಡುವೆ ಬರಿಯ ಬಯಲೆಂಬುದು ಅಪರೂಪ. ಕಬ್ಬಿನ ನಡುವಿನಿಂದ ಒಂದು ಕಾಲುದಾರಿ ಹೊರಟು ತಗಡಿನದೋ ಹಂಚಿನದೋ ಆರ್‌ಸಿಸಿಯದೋ ಆದ ಮನೆಯೊಂದರ ಅಂಗಳಕ್ಕೆ ಸೇರುತ್ತದೆ. ಅಂಗಳದಲ್ಲಿ ತುಳಸಿಕಟ್ಟೆ, ಬಲಕ್ಕೆ ಎಮ್ಮೆಗಳ ಗೋದಲಿ, ಹಿಂದೆ ಕಣಿಕೆಯ ಬಣವಿ, ಬಣವಿಯಾಚೆ ಬಾವಿ, ಬಾವಿಯ ದಡದಲ್ಲಿ ಮೋಟರಿನ ಚಿಕ್ಕ ಕೋಣೆ. ಕೆಲವು ಬಾವಿಗಳ ದಡದಲ್ಲಿ ಕಪಿಲೆಯ ಹಗ್ಗ ಸವೆಸಿದ ಕಲ್ಲುಗಳು ಇನ್ನೂ ನಿಂತಿವೆ, ಬೆರಳಿಟ್ಟರೆ ಆ ಗೀರಿನಲ್ಲಿ ಬೆರಳು ಪೂರ್ತಿ ಮುಳುಗುತ್ತದೆ. ಆ ಮನೆಯ ಮಗಳ ಮದುವೆಯ ಆಮಂತ್ರಣ ಪತ್ರಿಕೆ ಅಚ್ಚಾದಾಗ ಮೇಲೆ ಕುಲದೇವರ ಹೆಸರು, ನಡುವೆ ವಧೂವರರ ಹೆಸರು, ಕೆಳಗೆ ಸ್ಥಳ ಎಂಬ ಪದದ ಮುಂದೆ ವಧುವಿನ ಸ್ವಗೃಹ, ಮನೆತನದ ಹೆಸರು, ಆಮೇಲೆ ತೋಟ ಎಂದು ಬರೆದಿರುತ್ತದೆ, ಬೀಗರು ಬಸ್ಸಿಳಿದು ಯಾರನ್ನೂ ಎರಡನೆಯ ಸಲ ಕೇಳದೆ ಅಲ್ಲಿಗೆ ಬಂದು ಸೇರುತ್ತಾರೆ.